ಟೈಮಿಗೆ ಸರಿಯಾಗಿ ಅಸೈನ್‌ಮೆಂಟ್ ಕೊಟ್ಟವರು ಯಾಕೆ ಫೇಲಾದರು?

ಇವತ್ತಿನ ಕಥೆ ಅಮೆರಿಕದ್ದು, 1970ರ ದಶಕದ್ದು. ಆದ್ರೆ ಅದು ನನ್ನ ಕಣ್ಣಿಗೆ ಯಾಕೆ ಬಿತ್ತು ಅಂತ ಹೇಳ್ಬೇಕಾದ್ರೆ ನನ್ನದೊಂದು ಹಳೇ ಮಾರ್ಕ್ಸ್‌ಕಾರ್ಡ್ ತೆಗೀಬೇಕು.

ನಾನು ಬಿಕಾಂ ಓದಿದವನು. ಮೊದಲ ವರ್ಷದಲ್ಲೇ ಬಿಸಿನೆಸ್ ಮ್ಯಾಥ್ಸ್‌ನಲ್ಲಿ ನನಗೆ ಬ್ಯಾಕ್ ಬಿತ್ತು. ಊರಿನ ಪಿಯು ಕಾಲೇಜಿನಲ್ಲಿ ನಾನು 'ಲೆಕ್ಕದ ಹುಡುಗ'. ಅಕ್ಕಪಕ್ಕದ ಮನೆಯವರು ಚೀಟಿ ದುಡ್ಡಿನ ಬಡ್ಡಿ ಲೆಕ್ಕ ಹಾಕಿಸಿಕೊಳ್ಳೋಕೆ ನನ್ನ ಹತ್ರ ಬರ್ತಿದ್ರು. ಮೈಸೂರಿಗೆ ಬಂದು ಕಾಲೇಜು ಸೇರಿದ ಮೇಲೆ (ಕಾಲೇಜಿನ ಹೆಸರು ಬೇಡ) ಅಸೈನ್‌ಮೆಂಟ್ ಒಂದೂ ತಪ್ಪಿಸಲಿಲ್ಲ. ಶುಕ್ರವಾರ ನಾಲ್ಕು ಗಂಟೆ ಡೆಡ್‌ಲೈನ್ ಅಂದ್ರೆ ನನ್ನ ಸ್ಟಿಕ್ ಫೈಲ್ ಮೂರೂವರೆಗೇ ಸ್ಟಾಫ್ ರೂಮಿನ ಮೇಜಿನ ಮೇಲಿರ್ತಿತ್ತು. ಮಾರ್ಜಿನ್ ಹಾಕಿ, ಉತ್ತರಕ್ಕೆ ಡಬಲ್ ಅಂಡರ್‌ಲೈನ್ ಎಳೆದು, ಎಲ್ಲಾ ನಾನೇ ಒಬ್ಬನೇ ಕೂತು ಮಾಡಿದ್ದು. ಯಾರದ್ದೂ ಕಾಪಿ ಹೊಡೆದದ್ದಲ್ಲ. ಆದ್ರೂ ಫೇಲು.

ಆಗ ನನಗೆ ಸಿಕ್ಕ ವಿವರಣೆಗಳು ಎರಡೇ. ಲೆಕ್ಚರರ್ ಹೇಳಿದ್ದು 'ಪ್ರಾಕ್ಟೀಸ್ ಸಾಲದು' ಅಂತ. ಮನೆಯಲ್ಲಿ ಹೇಳಿದ್ದು 'ಮೊಬೈಲು' ಅಂತ. ಸುಮಾರು ವರ್ಷ ಆದ ಮೇಲೆ, ಬೇರೆ ಎಪಿಸೋಡಿಗೆ ಏನೋ ಹುಡುಕ್ತಾ ಇದ್ದಾಗ ಯೂರಿ ಟ್ರೈಸ್‌ಮನ್ ಅನ್ನೋ ಹೆಸರು ಸಿಕ್ತು. ಓದುತ್ತಾ ಓದುತ್ತಾ, ಇದು ನನ್ನ ಸ್ಟಿಕ್ ಫೈಲಿನ ಕಥೆ ಅಲ್ವಾ ಅನ್ನಿಸಿಬಿಡ್ತು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಈಚೆ ದಡದ ಊರು. ಅಲ್ಲಿ ಎಂಜಿನಿಯರಿಂಗ್, ಸೈನ್ಸ್, ಮೆಡಿಸಿನ್ ಅಂತ ಕನಸು ಹೊತ್ತು ಬರೋ ಹುಡುಗರೆಲ್ಲ ಮೊದಲ ವರ್ಷ ಹಾದುಹೋಗಬೇಕಾದ ಗೇಟು ಅಂದ್ರೆ ಕ್ಯಾಲ್ಕುಲಸ್. ದೊಡ್ಡ ಹಾಲ್‌ನಲ್ಲಿ ನೂರಾರು ಜನರಿಗೆ ಪ್ರೊಫೆಸರ್ ಪಾಠ. ಆಮೇಲೆ ಚಿಕ್ಕ ಚಿಕ್ಕ ಗುಂಪುಗಳಲ್ಲಿ ಟೀಚಿಂಗ್ ಅಸಿಸ್ಟೆಂಟ್ ಜೊತೆ ಕ್ಲಾಸು. ಈ ಅಸಿಸ್ಟೆಂಟುಗಳೂ ವಿದ್ಯಾರ್ಥಿಗಳೇ, ಪಿಎಚ್‌ಡಿ ಮಾಡ್ತಿರೋರು. ಹೋಮ್‌ವರ್ಕ್ ಬರುತ್ತೆ, ದಿನಾಂಕಕ್ಕೆ ಒಪ್ಪಿಸಬೇಕು. ನಡುವೆ ಟೆಸ್ಟುಗಳು, ಕೊನೆಗೆ ಫೈನಲ್. ಈ ಗೇಟಿನಲ್ಲಿ ಎಡವಿದ್ರೆ ಆ ಕೋರ್ಸ್ ಒಂದೇ ಹೋಗೋದಲ್ಲ, ಎಂಜಿನಿಯರ್ ಆಗೋ ದಾರಿನೇ ಅಲ್ಲಿಗೆ ಮುಚ್ಚಿಹೋಗುತ್ತೆ.

ಟ್ರೈಸ್‌ಮನ್ ಆಗ ಅಲ್ಲೇ ಓದ್ತಿದ್ದ ಯುವಕ. 70ರ ದಶಕದ ನಡುವಿನಲ್ಲಿ ಈ ಅಸಿಸ್ಟೆಂಟುಗಳಿಗೆ ಪಾಠ ಮಾಡೋದು ಹೇಗೆ ಅಂತ ತರಬೇತಿ ಕೊಡೋ ಕೆಲಸ ಅವರ ಪಾಲಿಗೆ ಬಂದಿತ್ತು. ಅವರನ್ನ ಕೂರಿಸಿಕೊಂಡು ಒಂದು ಸರಳ ಪ್ರಶ್ನೆ ಕೇಳಿದರು: ನಿಮ್ಮ ಕ್ಲಾಸಿನಲ್ಲಿ ಚೆನ್ನಾಗಿ ಮಾಡ್ತಿರೋರು ಯಾರು, ಕಷ್ಟ ಪಡ್ತಿರೋರು ಯಾರು? ಉತ್ತರ ಕೇಳ್ತಾ ಹೋದ ಹಾಗೆ ಒಂದು ಚಿತ್ರ ಮೂಡಿತು. ಮೇಲಿನ ಪಟ್ಟಿಯಲ್ಲಿ ಚೀನೀ ಮೂಲದ ವಿದ್ಯಾರ್ಥಿಗಳು ಮತ್ತೆ ಮತ್ತೆ ಬರ್ತಿದ್ರು. ಕೆಳಗಿನ ಪಟ್ಟಿಯಲ್ಲಿ ಕಪ್ಪು ವಿದ್ಯಾರ್ಥಿಗಳು, ಅಂದ್ರೆ ಆಫ್ರಿಕನ್ ಅಮೆರಿಕನ್ನರು.

ದಾಖಲೆ ತೆಗೆದು ನೋಡಿದ್ರೆ ಇನ್ನೂ ಕೆಟ್ಟದಾಗಿತ್ತು. ಅದಕ್ಕೆ ಹಿಂದಿನ ಸುಮಾರು ಹತ್ತು ವರ್ಷಗಳಲ್ಲಿ ಮೊದಲ ಹಂತದ ಕ್ಯಾಲ್ಕುಲಸ್ ತಗೊಂಡ ಕಪ್ಪು ವಿದ್ಯಾರ್ಥಿಗಳಲ್ಲಿ ಶೇಕಡಾ 60ರ ಆಸುಪಾಸಿನವರಿಗೆ ಸಿಕ್ಕಿದ್ದು 'ಡಿ' ಅಥವಾ 'ಎಫ್' ಗ್ರೇಡು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದೋ ದಡದಲ್ಲಿ ತೂಗಾಡಿದ್ದು, ಇಲ್ಲಾ ಮುಳುಗಿದ್ದು. ಒಂದು ವಿಷಯ ನೆನಪಿಟ್ಕೊಳ್ಳಿ. ಇವರು ಎಲ್ಲೋ ಹೇಗೋ ಸೀಟು ಗಿಟ್ಟಿಸಿಕೊಂಡವರಲ್ಲ. ತಮ್ಮ ತಮ್ಮ ಹೈಸ್ಕೂಲುಗಳಲ್ಲಿ ಮುಂದಿದ್ದವರು, ಊರಿಗೆ ಊರೇ ಹೆಮ್ಮೆಪಟ್ಟು ಕಳಿಸಿದ್ದವರು ಅವರಲ್ಲಿ ಬೇಕಾದಷ್ಟು ಜನ ಇದ್ರು.

ಯಾಕೆ ಹೀಗೆ ಅಂತ ಅಧ್ಯಾಪಕರನ್ನ ಕೇಳಿದಾಗ ಬಂದ ಉತ್ತರಗಳು ನಿಮಗೂ ಗೊತ್ತಿರೋವೇ. ಆಸಕ್ತಿ ಕಮ್ಮಿ. ಬುನಾದಿ ಸರಿ ಇಲ್ಲ. ಮನೆಯಲ್ಲಿ ಓದಿಗೆ ಬೆಂಬಲ ಇಲ್ಲ. ಬಡತನ. ಹೇಳಿದವರು ಕೆಟ್ಟವರಲ್ಲ, ಕಾಳಜಿ ಇದ್ದವರೇ. 1960ರ ದಶಕದ ನಾಗರಿಕ ಹಕ್ಕುಗಳ ಹೋರಾಟ ಮುಗಿದು ಬಹಳ ಕಾಲ ಆಗಿರಲಿಲ್ಲ. ವಿಶ್ವವಿದ್ಯಾಲಯಗಳ ಬಾಗಿಲು ತೆರೀಬೇಕು ಅಂತ ನಂಬಿದ್ದ ಜನ ಅವರು. ಆದ್ರೆ ಈ ನಾಲ್ಕೂ ಕಾರಣಗಳಲ್ಲಿ ಒಂದು ಅನುಕೂಲ ಇದೆ, ಗಮನಿಸಿದ್ರಾ? ತಪ್ಪು ಎಲ್ಲಾ ಹುಡುಗರದ್ದು, ಅವರ ಮನೆಯದ್ದು, ಅವರ ಊರಿನದ್ದು. ಕ್ಲಾಸು ನಡೆಸುವ ರೀತಿ, ಹೋಮ್‌ವರ್ಕ್ ಕೊಡುವ ರೀತಿ, ಇವುಗಳ ತಂಟೆಗೇ ಯಾರೂ ಹೋಗಿಲ್ಲ.

ಟ್ರೈಸ್‌ಮನ್ ಈ ಉತ್ತರಗಳನ್ನ ಹಾಗೇ ಒಪ್ಪಿಕೊಳ್ಳಲಿಲ್ಲ. 20 ಕಪ್ಪು ವಿದ್ಯಾರ್ಥಿಗಳು, 20 ಚೀನೀ ಮೂಲದ ವಿದ್ಯಾರ್ಥಿಗಳನ್ನ ಆರಿಸಿಕೊಂಡು ಅವರ ಹಿಂದೆ ಬಿದ್ದರು. ಪ್ರಶ್ನಾವಳಿ ಹಂಚಿ ಟಿಕ್ ಹಾಕಿಸಿಕೊಂಡು ಬರೋದಲ್ಲ. ಅವರು ಓದೋ ಜಾಗಕ್ಕೇ ಹೋಗಿ ಜೊತೆಗಿದ್ದು ನೋಡೋದು. ಲೈಬ್ರರಿ, ರೂಮು, ಮನೆ. ತಿಂಗಳುಗಟ್ಟಲೆ ನಡೀತು ಇದು.

ನೋಡ್ತಾ ಹೋದ ಹಾಗೆ ಆ ನಾಲ್ಕು ಕಾರಣಗಳೂ ಒಂದೊಂದಾಗಿ ಸಡಿಲವಾದವು. ಆಸಕ್ತಿ ಇಲ್ಲ ಅನ್ನೋಕೆ, ಬರ್ಕ್ಲಿ ತನಕ ಬಂದಿರೋದೇ ಆಸಕ್ತಿಗೆ ಸಾಕ್ಷಿ. ಮನೆಯವರ ಬೆಂಬಲ ಇಲ್ಲ ಅನ್ನೋದಂತೂ ದೂರದ ಮಾತು. ಮಗು ಹುಟ್ಟೋಕೆ ಮುಂಚೆಯೇ ಕಾಲೇಜಿಗೆ ಕಳಿಸಬೇಕು ಅಂತ ತೀರ್ಮಾನ ಮಾಡಿದ್ದ ಕುಟುಂಬಗಳು ಸಿಕ್ಕಿದವು. ಬುನಾದಿ ಮತ್ತು ಬಡತನದ ಲೆಕ್ಕವೂ ಕೈಕೊಟ್ಟಿತು. ಒಳ್ಳೆ ಅಂಕ ತಂದು, ಅನುಕೂಲದ ಮನೆಯಿಂದ ಬಂದವರಲ್ಲೂ ಎಷ್ಟೋ ಜನ ಅಷ್ಟೇ ಸಲೀಸಾಗಿ ಫೇಲಾಗ್ತಿದ್ರು.

ಹಾಗಾದ್ರೆ ಅವರು ಏನು ಮಾಡ್ತಿದ್ರು?

ಹೇಳಿದ್ದನ್ನೇ ಮಾಡ್ತಿದ್ರು. ಕ್ಲಾಸಿಗೆ ತಪ್ಪದೆ ಬರೋದು, ನೋಟ್ಸ್ ಬರ್ಕೊಳ್ಳೋದು, ಹೋಮ್‌ವರ್ಕ್ ತಗೊಂಡು ರೂಮಿಗೆ ಹೋಗಿ ಒಬ್ಬರೇ ಕೂತು ಮಾಡೋದು, ದಿನಾಂಕ ಮೀರದ ಹಾಗೆ ಒಪ್ಪಿಸೋದು. ಒಂದು ಗಂಟೆ ಪಾಠಕ್ಕೆ ಎರಡು ಗಂಟೆ ಓದಿ ಅಂತ ಅಧ್ಯಾಪಕರು ಹೇಳಿದ್ರೆ, ಅಷ್ಟೇ ಓದೋದು. ವಾರಕ್ಕೆ ಸುಮಾರು 8 ಗಂಟೆ. ಆಮೇಲೆ ಟೆಸ್ಟಿಗೆ ಹೋಗಿ, ಫೇಲಾಗಿ, ಏನಾಯ್ತು ಅಂತಲೇ ಗೊತ್ತಾಗದೆ ಕೂರೋದು. ಡೆಡ್‌ಲೈನ್ ವಿಷಯದಲ್ಲಿ ಇವರಷ್ಟು ಶಿಸ್ತಿನವರನ್ನ ಹುಡುಕೋದು ಕಷ್ಟ ಇತ್ತು. ಇದನ್ನ ಓದಿದಾಗ ನಾನು ಮೊಬೈಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಫ್ಯಾನ್ ನೋಡ್ತಾ ಕೂತಿದ್ದೆ, ಸುಳ್ಳಲ್ಲ.

ಇನ್ನೊಂದು ಗುಂಪಿನವರು ವಾರಕ್ಕೆ ಸುಮಾರು 14 ಗಂಟೆ ಓದ್ತಿದ್ರು. ಒಬ್ಬರೇ ಕೂತು ಓದಿದ್ದು ಹೆಚ್ಚುಕಮ್ಮಿ ಅಷ್ಟೇ. ಮಿಕ್ಕ ಗಂಟೆಗಳು ಎಲ್ಲಿಂದ ಬಂದವು ಅಂದ್ರೆ, ಊಟದಿಂದ. ಸಂಜೆ ಸೇರಿ ಏನೋ ಬೇಯಿಸಿಕೊಳ್ಳೋರು, ತಿನ್ನೋರು, ಆಮೇಲೆ ಅದೇ ಮೇಜಿನ ಮೇಲೆ ಹೋಮ್‌ವರ್ಕ್ ಹರಡಿಕೊಳ್ಳೋರು. ಅಷ್ಟೊತ್ತಿಗೆ ಪ್ರತಿಯೊಬ್ಬರೂ ತಮ್ಮ ತಮ್ಮ ಪಾಲಿಗೆ ಲೆಕ್ಕ ಮಾಡಿಯೇ ಇರ್ತಿದ್ರು. ಈಗ ಉತ್ತರ ತಾಳೆ ನೋಡೋದು. ನನಗೆ ಒಂದು ಉತ್ತರ, ಉಳಿದ ನಾಲ್ಕು ಜನಕ್ಕೆ ಇನ್ನೊಂದು ಉತ್ತರ ಬಂದಿದ್ರೆ ನಾನು ಎಲ್ಲೋ ತಪ್ಪಿದ್ದೀನಿ ಅಂತ ಅಲ್ಲೇ ಗೊತ್ತಾಗುತ್ತೆ. ಹುಡುಕ್ತೀನಿ, ಸಿಗುತ್ತೆ. ಎಲ್ಲರಿಗೂ ಬೇರೆ ಬೇರೆ ಉತ್ತರ ಬಂದಿದ್ರೆ, ಇಲ್ಲಾ ಯಾರಿಗೂ ಬಂದಿಲ್ಲ ಅಂದ್ರೆ, ಆ ಲೆಕ್ಕವೇ ಗಟ್ಟಿ ಅಂತ ಅರ್ಥ. ನಾನು ದಡ್ಡ ಅಂತ ಅರ್ಥ ಅಲ್ಲ. ಈ ಕೊನೆಯ ವಾಕ್ಯ ನನ್ನದು, ಸಂಶೋಧನೆಯದ್ದಲ್ಲ. ಆದ್ರೆ ಒಬ್ಬನೇ ಕೂತವನಿಗೆ ಈ ಎರಡರ ವ್ಯತ್ಯಾಸ ತಿಳಿಯೋ ದಾರಿನೇ ಇಲ್ಲ. ಲೆಕ್ಕ ಬರಲಿಲ್ಲ ಅಂದ್ರೆ ಅವನು ದೂರೋದು ತನ್ನ ತಲೆಯನ್ನೇ.

ಇನ್ನೂ ಇದೆ. ಒಬ್ಬರ ಇಂಗ್ಲಿಷ್ ಇನ್ನೊಬ್ಬರು ತಿದ್ದೋರು. ಹಳೇ ಪ್ರಶ್ನೆಪತ್ರಿಕೆಗಳನ್ನ ತಂದು ಬಿಡಿಸೋರು. ಮೇಲಿನ ಕ್ಲಾಸಿನ ಅಣ್ಣನೋ, ಕಸಿನ್ನೋ ಬಂದು ಪ್ರಶ್ನೆ ಕೇಳಿ ಪರೀಕ್ಷೆ ಮಾಡೋರು. ನಿನ್ನೆ ರಾತ್ರಿ ಎಷ್ಟು ಹೊತ್ತಿನ ತನಕ ಎದ್ದಿದ್ದೆ ಅಂತ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳೋರು. ಹೀಗಾಗಿ ಕ್ಲಾಸಿನಲ್ಲಿ ತಾನು ಎಲ್ಲಿ ನಿಂತಿದ್ದೀನಿ ಅಂತ ಟೆಸ್ಟಿಗೆ ಮೊದಲೇ ಪ್ರತಿಯೊಬ್ಬರಿಗೂ ಗೊತ್ತಿರ್ತಿತ್ತು. ಅಧ್ಯಾಪಕರ ಕೈಗೆ ಹೋಗೋ ಹೊತ್ತಿಗೆ ಆ ಹೋಮ್‌ವರ್ಕ್ ಆಗಲೇ ಒಂದು ಸುತ್ತು ವ್ಯಾಲ್ಯುಯೇಶನ್ ಮುಗಿಸಿಕೊಂಡಿರ್ತಿತ್ತು.

ಇಲ್ಲಿ ಒಂದು ಗುಂಡಿ ಇದೆ, ಹುಷಾರು. 'ಚೀನಾದವರಿಗೆ ಲೆಕ್ಕ ರಕ್ತದಲ್ಲೇ ಇರುತ್ತೆ' ಅಂತ ಹೇಳಿಬಿಡೋದು ಸುಲಭ. ಇದೇ ಜನರನ್ನ ಅಮೆರಿಕ 1882ರಲ್ಲಿ ಕಾನೂನು ಮಾಡಿ ಹೊರಗಿಟ್ಟಿತ್ತು, ಕೂಲಿಯವರು ಒಳಗೆ ಬರಲೇಬಾರದು ಅಂತ. ಅದು ರದ್ದಾಗಿದ್ದು 1943ರಲ್ಲಿ. ವಲಸೆಯ ಬಾಗಿಲು ಸರಿಯಾಗಿ ತೆರೆದದ್ದು 1965ರ ಕಾಯ್ದೆಯ ನಂತರ. ಹೊರಗಿನವರು ಸೇರಿಸಿಕೊಳ್ಳದೇ ಇದ್ದಾಗ ಒಳಗೊಳಗೇ ಒಬ್ಬರಿಗೊಬ್ಬರು ಆಗಿಬಂದ ಸಮುದಾಯ ಅದು. ಸಂಜೆ ಊಟಕ್ಕೆ ಸೇರೋ ಅಭ್ಯಾಸ ಆ ಕ್ಯಾಂಪಸ್ಸಿಗೆ ಬಂದಾಗ ಹುಟ್ಟಿದ್ದಲ್ಲ ಅಂತ ನನ್ನ ಅನಿಸಿಕೆ.

ಮತ್ತೆ ಕಪ್ಪು ವಿದ್ಯಾರ್ಥಿಗಳು ಯಾಕೆ ಸೇರ್ತಿರಲಿಲ್ಲ? ಈ ಭಾಗ ನನಗೆ ಎಲ್ಲಕ್ಕಿಂತ ಜಾಸ್ತಿ ತಟ್ಟಿದ್ದು. ಅವರಿಗೂ ಗೆಳೆಯರಿದ್ರು, ಆದ್ರೆ ಓದು ಬೇರೆ, ಗೆಳೆತನ ಬೇರೆ. ಎರಡರ ನಡುವೆ ಗೋಡೆ. ಆ ಗೋಡೆ ಕಟ್ಟಿದ್ದು ಹೈಸ್ಕೂಲಿನಲ್ಲಿ. ಸುತ್ತ ಓದುವವರು ಕಮ್ಮಿ ಇರೋ ಕಡೆ, ಓದಿನ ಮೇಲೆ ಗಮನ ಇಟ್ಟ ಹುಡುಗ ತನ್ನ ಪಾಡಿಗೆ ತಾನು ಇರೋದನ್ನ ಕಲೀಬೇಕು. ಯಾರನ್ನೂ ನೆಚ್ಚಿಕೊಳ್ಳಬಾರದು. ಅದೇ ಗುಣ ಅವನನ್ನ ಬರ್ಕ್ಲಿಗೆ ತಂದದ್ದು. ಬರ್ಕ್ಲಿಯಲ್ಲಿ ಅವನನ್ನ ಸೋಲಿಸಿದ್ದೂ ಅದೇ. ಸಹಾಯಕ್ಕೆ ಟ್ಯೂಟರ್‌ಗಳು ಇದ್ರು, 'ಹಿಂದುಳಿದವರಿಗೆ' ಅಂತ ವಿಶೇಷ ಕ್ಲಾಸುಗಳೂ ಇದ್ವು. ಊರಿಗೆ ಫಸ್ಟ್ ಬಂದವನು ಆ ಬೋರ್ಡಿನ ಕೆಳಗೆ ಹೋಗಿ ಕೂರ್ತಾನಾ? ನಾನಂತೂ ಹೋಗ್ತಿರಲಿಲ್ಲ. ನಮ್ಮ ಕಾಲೇಜಲ್ಲೂ 'ಸ್ಲೋ ಲರ್ನರ್ಸ್'ಗೆ ಅಂತ ಸಂಜೆ ಒಂದು ಕ್ಲಾಸ್ ನಡೀತಿತ್ತು. ಅದರ ಮುಂದೆ ಹಾದುಹೋಗುವಾಗ ನಾನು ಬೇಗ ಬೇಗ ಹೆಜ್ಜೆ ಹಾಕ್ತಿದ್ದೆ.

1978ರ ಹೊತ್ತಿಗೆ ಟ್ರೈಸ್‌ಮನ್ ಮತ್ತು ಅವರ ಜೊತೆಯವರು ಬರ್ಕ್ಲಿಯಲ್ಲಿ ಒಂದು ಗಣಿತ ವರ್ಕ್‌ಶಾಪ್ ಶುರು ಮಾಡಿದರು. ಮೊದಲ ಜಾಣತನ ಅಂದ್ರೆ, ಅದನ್ನ ಹಿಂದುಳಿದವರ ಕ್ಲಾಸು ಅಂತ ಕರೆಯಲಿಲ್ಲ. ಆನರ್ಸ್ ಮಟ್ಟದ ಕಾರ್ಯಕ್ರಮ ಅಂತ ಕರೆದು, ಗಣಿತ ಆಧಾರಿತ ಕೋರ್ಸುಗಳಲ್ಲಿ ಮೇಲೇರಬೇಕು ಅನ್ನೋರು ಬನ್ನಿ ಅಂದ್ರು. ಬರೀ ಹೆಸರಿನ ಆಟ ಅಲ್ಲ, ಒಳಗಿದ್ದ ಸರಕೂ ಹಾಗೇ ಇತ್ತು. ಕ್ಲಾಸಿನ ಹೋಮ್‌ವರ್ಕನ್ನ ಅಲ್ಲಿ ಮತ್ತೆ ಮಾಡಿಸ್ತಿರಲಿಲ್ಲ. ಅದಕ್ಕಿಂತ ಗಟ್ಟಿ ಲೆಕ್ಕಗಳ ಹಾಳೆ ಕೊಡೋರು. ಹಳೇ ಪರೀಕ್ಷೆಗಳಲ್ಲಿ ಎಲ್ಲರೂ ಮಣ್ಣುಮುಕ್ಕಿದ ಪ್ರಶ್ನೆಗಳು, ಅರ್ಥ ಆಗಿದೆ ಅಂತ ಅಂದುಕೊಂಡಿರೋದು ನಿಜಕ್ಕೂ ಆಗಿದೆಯಾ ಅಂತ ತೋರಿಸೋ ಪ್ರಶ್ನೆಗಳು.

ಅಂಥದ್ದು ಹೇಗಿರುತ್ತೆ ಅಂತ ನನ್ನದೇ ಒಂದು ಉದಾಹರಣೆ ಕೊಡ್ತೀನಿ. ಮ್ಯಾಥ್ಸ್ ಬಿಟ್ಟು ಬಹಳ ದಿನ ಆದವರು ಅರ್ಧ ನಿಮಿಷ ಸಹಿಸಿಕೊಳ್ಳಿ. ಒಂದು ವಕ್ರರೇಖೆ ಬೆಟ್ಟದ ತುದಿ ಮುಟ್ಟಿದಾಗಲೂ, ಕಣಿವೆಯ ತಳ ಮುಟ್ಟಿದಾಗಲೂ ಅದರ ಇಳಿಜಾರು ಸೊನ್ನೆ ಆಗುತ್ತೆ. ಇದು ಎಲ್ಲರಿಗೂ ಬಾಯಿಪಾಠ. ಹೋಮ್‌ವರ್ಕ್‌ನಲ್ಲಿ ಇಳಿಜಾರು ಸೊನ್ನೆ ಮಾಡಿ, ಎಕ್ಸ್ ಕಂಡುಹಿಡಿದು, ಅಂಡರ್‌ಲೈನ್ ಎಳೆದ್ರೆ ಫುಲ್ ಮಾರ್ಕ್ಸ್. ಈಗ ತಿರುಗಿಸಿ ಕೇಳಿ: ಇಳಿಜಾರು ಸೊನ್ನೆ ಆದ ಕಡೆಯೆಲ್ಲ ಬೆಟ್ಟವೋ ಕಣಿವೆಯೋ ಇರಲೇಬೇಕಾ? ಒಬ್ಬನು ಹೌದು ಅಂತಾನೆ. ಇನ್ನೊಬ್ಬಳು ಎಕ್ಸ್ ಘನದ ಗ್ರಾಫ್ ಬರೆದು ತೋರಿಸ್ತಾಳೆ. ಸೊನ್ನೆಯ ಹತ್ರ ಅದು ಒಂದು ಗಳಿಗೆ ಮಟ್ಟಸವಾಗಿ ಮತ್ತೆ ಮೇಲಕ್ಕೇ ಹೋಗುತ್ತೆ, ಬೆಟ್ಟವೂ ಇಲ್ಲ, ಕಣಿವೆಯೂ ಇಲ್ಲ. ಈಗ ಹೌದು ಅಂದವನು ವಾದ ಮಾಡ್ಬೇಕು, ಇಲ್ಲಾ ಸೋಲೊಪ್ಪಬೇಕು. ನನ್ನ ಸ್ಟಿಕ್ ಫೈಲ್ ಯಾವತ್ತೂ ನನ್ನ ಜೊತೆ ಹೀಗೆ ವಾದ ಮಾಡಿದ್ದಿಲ್ಲ. ಅದಕ್ಕೆ ಗೊತ್ತಿದ್ದದ್ದು ಕೆಂಪು ಶಾಯಿಯ ಸೈನು, ಅದರ ಕೆಳಗೆ ತಾರೀಕು.

ವರ್ಕ್‌ಶಾಪು ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ಸುಮಾರು ಎರಡು ಗಂಟೆ. ಹಾಳೆ ಕೈಗೆ ಬಂದ ಮೇಲೆ ತಮ್ಮ ಪಾಡಿಗೆ ಒದ್ದಾಡೋದು, ಆಮೇಲೆ ಪಕ್ಕದವರಿಗೆ ತೋರಿಸೋದು, ಜಗಳ, ನಗು. ನಡೆಸೋ ಹಿರಿಯ ವಿದ್ಯಾರ್ಥಿ ಬೋರ್ಡಿನ ಮುಂದೆ ನಿಂತು ಉತ್ತರ ಬರೆದುಕೊಡ್ತಿರಲಿಲ್ಲ. ಸುತ್ತಾಡ್ತಾ ಮರುಪ್ರಶ್ನೆ ಕೇಳೋದು ಅವರ ಕೆಲಸ. ಊಟದ ಮೇಜಿನ ಸುತ್ತ ತಾನಾಗೇ ನಡೀತಿದ್ದದ್ದನ್ನ ಇಲ್ಲಿ ಬೇಕು ಅಂತಲೇ ಕಟ್ಟಿಕೊಟ್ಟ ಹಾಗಾಯ್ತು.

ಫಲಿತಾಂಶ ಏನಾಯ್ತು? ಬಂದವರಲ್ಲಿ ಫೇಲಾಗೋರ ಪ್ರಮಾಣ ಶುರುವಿನ ವರ್ಷಗಳಲ್ಲೇ ಶೇಕಡಾ ಒಂದಂಕಿಗೆ ಇಳಿಯಿತು. 60ರ ಆಸುಪಾಸು ಅಂತ ಆಗಲೇ ಹೇಳಿದ್ದು ನೆನಪಿದೆಯಲ್ವಾ, ಅದರ ಪಕ್ಕದಲ್ಲಿಟ್ಟು ನೋಡಿ. ಟ್ರೈಸ್‌ಮನ್ ಇದರ ಮೇಲೆ 1985ರಲ್ಲಿ ಡಾಕ್ಟರೇಟ್ ಪ್ರಬಂಧ ಬರೆದರು. 1990ರಲ್ಲಿ ರಾಬರ್ಟ್ ಫುಲಿಲೋವ್ ಜೊತೆ ಸೇರಿ ಫಲಿತಾಂಶಗಳನ್ನ ಒಂದು ಪತ್ರಿಕೆಯಲ್ಲಿ ಪ್ರಕಟಿಸಿದರು. 1992ರಲ್ಲಿ ಅವರಿಗೆ ಮೆಕಾರ್ಥರ್ ಫೆಲೋಶಿಪ್ ಬಂತು, ಜನ 'ಜೀನಿಯಸ್ ಗ್ರಾಂಟ್' ಅಂತ ಕರೆಯೋದು ಅದನ್ನೇ. ಅಷ್ಟರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನಲ್ಲೂ 'ಎಮರ್ಜಿಂಗ್ ಸ್ಕಾಲರ್ಸ್' ಅಂತ ಇದೇ ಮಾದರಿ ಶುರುವಾಗಿತ್ತು. ಬೇರೆ ಕಾಲೇಜುಗಳಿಗೂ ಹಬ್ಬಿತು.

ಒಂದು ಅನುಮಾನ ನಿಮಗೂ ಬಂದಿರುತ್ತೆ. ಬನ್ನಿ ಅಂದಾಗ ಬರೋರು ಮೊದಲೇ ಹುರುಪಿನವರಲ್ವಾ? ಅವರು ವರ್ಕ್‌ಶಾಪ್ ಇಲ್ಲದಿದ್ರೂ ಪಾಸಾಗ್ತಿದ್ರೇನೋ? ನ್ಯಾಯವಾದ ಪ್ರಶ್ನೆ. ತಾವಾಗೇ ಸೇರಿಕೊಳ್ಳೋ ಯಾವ ಕಾರ್ಯಕ್ರಮಕ್ಕೂ ಈ ಪ್ರಶ್ನೆ ಅಂಟಿಕೊಂಡೇ ಇರುತ್ತೆ. ಹಿಂದಿನ ಹತ್ತು ವರ್ಷ ಫೇಲಾದವರಲ್ಲೂ ಹುರುಪಿನವರು ಧಾರಾಳವಾಗಿ ಇದ್ರು ಅನ್ನೋದು ನನ್ನ ವಾದ. ನೀವು ಒಪ್ಪದೇ ಇದ್ರೂ ಪರವಾಗಿಲ್ಲ. ಇನ್ನೊಂದು ಬೇಸರದ ವಿಷಯ. ಎಷ್ಟೋ ಕಡೆ 'ಗ್ರೂಪ್ ಸ್ಟಡಿ' ಅನ್ನೋ ಪದ ಮಾತ್ರ ಎತ್ತಿಕೊಂಡ್ರು, ಗಟ್ಟಿ ಲೆಕ್ಕದ ಹಾಳೆ ಬಿಟ್ಟರು. ನಾಲ್ಕು ಜನರನ್ನ ಒಂದು ಬೆಂಚಿನಲ್ಲಿ ಕೂರಿಸಿ ಸುಲಭದ ಲೆಕ್ಕ ಕೊಟ್ರೆ ಏನಾಗುತ್ತೆ ಅಂತ ನಿಮಗೂ ಗೊತ್ತು. ಒಬ್ಬ ಮಾಡ್ತಾನೆ, ಮೂವರು ಬರ್ಕೋತಾರೆ. ಇನ್ನು ಕ್ಯಾಲಿಫೋರ್ನಿಯಾದಲ್ಲೇ 1996ರ ಜನಮತದ ನಂತರ, ಸರ್ಕಾರಿ ವಿಶ್ವವಿದ್ಯಾಲಯಗಳು ಜನಾಂಗ ನೋಡಿ ಆದ್ಯತೆ ಕೊಡೋ ಹಾಗಿಲ್ಲ ಅಂತ ಆಯ್ತು. ಆ ಚರ್ಚೆ ದೊಡ್ಡದು, ಇನ್ನೊಂದು ದಿನಕ್ಕಿರಲಿ.

ಈಗ ಮೈಸೂರಿಗೆ ವಾಪಸ್ ಬರೋಣ. ನಮ್ಮ ಕ್ಲಾಸಿನಲ್ಲಿ ಅಸೈನ್‌ಮೆಂಟ್ ಮಾಡೋರು ಮೂರು ಥರ ಇದ್ರು. ಗುರುವಾರ ರಾತ್ರಿ ವಾಟ್ಸಾಪಿನಲ್ಲಿ ಬಂದ ಫೋಟೋ ನೋಡಿ ಬರೆಯೋರು, ಅವರೇ ಜಾಸ್ತಿ. ನನ್ನ ಥರ ಒಂಟಿಯಾಗಿ ಬರೆಯೋರು, ಕಮ್ಮಿ. ಮೂರನೆಯದು ಲೇಡೀಸ್ ಹಾಸ್ಟೆಲಿನ ಒಂದು ಐದಾರು ಜನ. ಅವರು ಊಟ ಆದ ಮೇಲೆ ಮೆಸ್ಸಿನಲ್ಲೇ ಉಳಿದು, ಆನ್ಯುಯಿಟಿ, ಮ್ಯಾಟ್ರಿಕ್ಸ್ ಅಂತ ಕಿತ್ತಾಡ್ತಾ ಮಾಡ್ತಿದ್ರಂತೆ. ಅವರ ಉತ್ತರಗಳೆಲ್ಲ ಒಂದೇ ಥರ ಇರ್ತಿದ್ವು. ಸಾರ್ ಒಂದ್ಸಲ ಕ್ಲಾಸಿನಲ್ಲೇ ಎಬ್ಬಿಸಿ ಬೈದಿದ್ರು, ಎಲ್ಲಾ ಕಾಪಿ ಹೊಡೀತೀರಾ ಅಂತ. ಇಂಟರ್ನಲ್ಸ್‌ನಲ್ಲಿ ಎರಡೆರಡು ಮಾರ್ಕ್ಸ್ ಕಟ್ ಮಾಡಿದ್ರು. ಆ ದಿನ ನನಗೆ ಒಳಗೊಳಗೇ ಖುಷಿಯಾಗಿತ್ತು. ನಾನು ಪ್ರಾಮಾಣಿಕ, ಅವರು ಕಾಪಿ ಅಂತ. ಸೆಮಿಸ್ಟರ್ ರಿಸಲ್ಟ್ ಬಂದಾಗ ಅವರಲ್ಲಿ ಒಬ್ಬರಿಗೂ ಬ್ಯಾಕ್ ಇರಲಿಲ್ಲ. ಆಗಲೂ ನಾನು ಅಂದುಕೊಂಡದ್ದು, ಪರೀಕ್ಷೆಯಲ್ಲೂ ಕಾಪಿ ಹೊಡೆದಿರಬೇಕು ಅಂತ.

ಈ ಎಪಿಸೋಡ್ ಬರೆಯುವಾಗ ಅವರಲ್ಲಿ ಒಬ್ಬಳಿಗೆ ಫೋನ್ ಮಾಡಿದೆ. ಈಗ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡ್ತಾಳೆ, ರಿಟರ್ನ್ಸ್ ಸೀಸನ್ನು, ಐದೇ ನಿಮಿಷ ಅಂದಳು. ಟ್ರೈಸ್‌ಮನ್ ಕಥೆಯನ್ನೆಲ್ಲ ಹೇಳಿ, ಅವತ್ತು ನಿಮ್ಮ ಬಗ್ಗೆ ಏನಂದುಕೊಂಡಿದ್ದೆ ಅನ್ನೋದನ್ನೂ ಹೇಳಿದೆ. ಬೈತಾಳೆ ಅಂದುಕೊಂಡಿದ್ದೆ, ನಕ್ಕಳು. ಹಾಗೆ ಒಟ್ಟಿಗೆ ಕೂರಬೇಕು ಅಂತ ನಿಮಗೆ ಹೊಳೆದದ್ದಾದ್ರೂ ಹೇಗೆ ಅಂತ ಕೇಳಿದೆ.

"ಹೊಳೆಯೋದೇನು ಬಂತು ಮಾರಾಯ? ನಮ್ಮ ಇಡೀ ಫ್ಲೋರಿಗೆ ಇದ್ದದ್ದೇ ಒಂದು ಕ್ಯಾಲ್ಕುಲೇಟರ್ ಕಣೋ."